ಹಳದಿ ಚೌಕದಲ್ಲಿ ನಿಂತವನು

ಕಂಟೇನರ್ ಒಂದೇ ಮೇಲೇಳಬೇಕಿತ್ತು, ಅದರ ಜೊತೆಗೆ ಲಾರಿಯೂ ಎದ್ದಿತು.

ಕ್ರೇನಿನ ತುದಿಯ ಕ್ಯಾಬಿನ್ನಿನಲ್ಲಿ ಕೂತಿದ್ದವಳು ಕೈ ತಡೆದು, ಕಾಲ ಕೆಳಗಿನ ಗಾಜಿನಲ್ಲಿ ಬಗ್ಗಿ ನೋಡಿದಳು. ಲಾರಿಯ ಎಡಗಡೆಯ ಚಕ್ರಗಳು ನೆಲ ಬಿಟ್ಟಿವೆ, ಬಲಗಡೆಯವು ಇನ್ನೂ ಊರಿಕೊಂಡಿವೆ. ಕಂಟೇನರನ್ನು ಲಾರಿಗೆ ಹಿಡಿದಿಡುವ ನಾಲ್ಕು ಮೂಲೆಯ ಲಾಕುಗಳಲ್ಲಿ ಒಂದು ಬಿಚ್ಚಿಲ್ಲ. ಅದನ್ನು ಬಿಚ್ಚುವುದು ಡ್ರೈವರ್ ಕೆಲಸ. ಡ್ರೈವರ್ ಯಾರು? ಅವಳ ಸ್ವಂತ ಅಪ್ಪ! "ಇದೆಂಥ ಮರೆವಪ್ಪಾ ನಿಂದು, ನನ್ನ ತಲೆಗೆ ತಂದಿಟ್ಟೆಯಲ್ಲ" ಎಂದು ಗೊಣಗಿದಳು.

ಪುಣ್ಯಕ್ಕೆ ಹೊಸ ನಿಯಮ ಬಂದಿತ್ತು. ಕ್ರೇನ್ ಎತ್ತುವಾಗ ಡ್ರೈವರ್ ಲಾರಿಯೊಳಗೆ ಕೂರುವಂತಿಲ್ಲ. ಹೆಲ್ಮೆಟ್ ಹಾಕಿ, ಕಿತ್ತಳೆ ಜಾಕೆಟ್ ತೊಟ್ಟು, ದೂರದಲ್ಲಿ ನೆಲದ ಮೇಲೆ ಬಳಿದ ಹಳದಿ ಚೌಕದಲ್ಲಿ ನಿಂತಿರಬೇಕು. ಅವನು ಅಲ್ಲಿ ಕಂಡ ಮೇಲೇ ಎತ್ತಬೇಕು. ತಪ್ಪಿದರೆ ಗೇಟ್ ಪಾಸ್ ರದ್ದು. ಅಪ್ಪ ಇದನ್ನು ಕೇಳಿ ಉರಿದುಬಿದ್ದಿದ್ದ. "ಹೋಂವರ್ಕ್ ಮಾಡದ ಹುಡುಗನ ಹಾಗೆ ಮೂಲೇಲಿ ನಿಂತ್ಕೋಬೇಕಾ ನಾನು? ಈ ತಲೆ ಲಾರಿ ಓಡಿಸಿಯೇ ನರೆತಿರೋದು ಕಣೇ!" ಎಂದು ನಿನ್ನೆ ಊಟಕ್ಕೆ ಕೂತಾಗಲೂ ಕೂಗಾಡಿದ್ದ. ಬಾಯಿ ಜೋರು ಅಷ್ಟೆ, ಇವತ್ತು ಹೇಳಿದ ಮಾತು ಕೇಳಿದ್ದಾನೆ. ಅಗೋ, ಚೌಕದಲ್ಲಿ ಹೆಲ್ಮೆಟ್, ಅದರ ಕೆಳಗೆ ಕಿತ್ತಳೆ ಜಾಕೆಟ್. ಅಷ್ಟು ಎತ್ತರದಿಂದ ಕಾಣುವುದೂ ಅಷ್ಟೆ.

ವಾಕಿಟಾಕಿ ಗೊರಗುಟ್ಟಿತು. ಸೂಪರ್‌ವೈಸರ್.

"ಏನಮ್ಮಾ, ಯಾಕೆ ನಿಲ್ಲಿಸ್ದೆ? ಲಾರಿಗಳ ಸಾಲು ಗೇಟ್ ದಾಟಿ ಹೋಗಿದೆ."

"ಒಂದು ಲಾಕ್ ಕಚ್ಕೊಂಡಿದೆ ಸಾರ್."

"ಡ್ರೈವರ್ ಚೌಕದಲ್ಲಿದ್ದಾನಾ?"

"ಇದ್ದಾರೆ."

"ಮತ್ತಿನ್ನೇನು ಯೋಚ್ನೆ? ಒಂದ್ಸಲ ಜೋರಾಗಿ ಜಾಡಿಸು, ಬಿಟ್ಕೊಳ್ಳುತ್ತೆ."

ತುಕ್ಕು ಹಿಡಿದ ಲಾಕಿಗೆ ಆ ಕಂಟೇನರ್ ಯಾರ್ಡಿನಲ್ಲಿ ಎಲ್ಲರೂ ಮಾಡುವ ಮದ್ದು ಅದೇ. ಲಾರಿ ಸಮೇತ ಇನ್ನೊಂದಿಷ್ಟು ಎತ್ತಿ, ಧೊಪ್ಪೆಂದು ಬಿಡುವುದು. ಲಾಕ್ ಕಿತ್ತುಕೊಂಡು ಬರುತ್ತದೆ. ಒಂದೊಂದು ಸಲ ಲಾರಿಯೂ ಮಗುಚಿಕೊಳ್ಳುತ್ತದೆ. ಒಳಗೆ ಯಾರೂ ಇಲ್ಲವಲ್ಲ, ಹಾಳಾಗುವುದು ತಗಡು ತಾನೆ ಎನ್ನುವ ಧೈರ್ಯ. ಕೆಳಗೆ ಹಾರ್ನುಗಳು ಬಡಿದುಕೊಳ್ಳತೊಡಗಿದವು. "ಇರ್ರಪ್ಪಾ, ಪ್ರಾಣ ತಿನ್ನಬೇಡಿ" ಎನ್ನುತ್ತಾ ಅವಳು ಲಿವರ್ ಹಿಡಿದು ಎತ್ತಿದಳು. ಲಾರಿ ಕಿರ್ರೆಂದು ಬಲಕ್ಕೆ ವಾಲಿತು. ಇನ್ನೇನು ಕೈ ಬಿಡಬೇಕು, ಅಪ್ಪ ಏನನ್ನುತ್ತಾನೋ ಎಂದು ಒಮ್ಮೆ ಚೌಕದ ಕಡೆ ನೋಡಿದಳು.

ಅಪ್ಪ ಸುಮ್ಮನೆ ನಿಂತಿದ್ದ.

ಸುಮ್ಮನೆ! ಆ ಮನುಷ್ಯ! ಲಾರಿಯನ್ನು 'ನನ್ನ ಹಿರಿಮಗಳು' ಎಂದೇ ಕರೆಯುವವನು, ಅದರ ಕನ್ನಡಿಗೆ ಒಂದು ಗೀರು ಬಿದ್ದರೆ ಇಡೀ ಯಾರ್ಡಿನ ಜನ್ಮ ಜಾಲಾಡುವವನು. ಹಿರಿಮಗಳು ಹೀಗೆ ಅರೆಬರೆ ನೇತಾಡುತ್ತಿದ್ದಾಳೆ, ಕಿರಿಮಗಳಿಗೆ ಅಲ್ಲಿಂದ ಒಂದು ಬೈಗುಳವಿಲ್ಲ. ಕೈಯೂ ಮೇಲೆದ್ದಿಲ್ಲ. ಅವಳು ಲಿವರನ್ನು ಹಾಗೇ ಹಿಡಿದು ನಿಲ್ಲಿಸಿದಳು.

"ಜಾಡಿಸಮ್ಮಾ!" ವಾಕಿಟಾಕಿ ಕಿರುಚಿತು.

"ಆಗಲ್ಲ ಸಾರ್."

"ಆಗಲ್ಲ ಅಂದ್ರೆ?"

"ಅಲ್ಲಿ ನಿಂತಿರೋದು ನಮ್ಮಪ್ಪ ಅಲ್ಲ."

ಹಸುಗೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಲಾರಿಯನ್ನು ಮೆಲ್ಲಗೆ ಇಳಿಸಿದಳು. ಎಡಗಡೆಯ ಚಕ್ರಗಳು ನೆಲ ಮುಟ್ಟುವಷ್ಟರಲ್ಲಿ ಅವಳಿಗೆ ಜೀವ ಹೋಗಿ ಬಂದಿತ್ತು. ಕ್ರೇನಿನ ಮೈಕಿನಲ್ಲಿ ಇಡೀ ಯಾರ್ಡಿಗೆ ಕೇಳುವಂತೆ ಕೂಗಿದಳು: "ಅಪ್ಪಾ! ಲಾರಿಯಿಂದ ಇಳಿ!"

ಲಾರಿಯ ಬಾಗಿಲು ತೆರೆಯಿತು. ಮೊದಲು ಒಂದು ಕಾಲು ಹೊರಗೆ ಬಂತು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಇಳಿಸಿದ ಇನ್ನೊಂದು ಕಾಲು.

ಏಣಿ ಇಳಿದು ಅವಳು ಓಡಿಬಂದಾಗ ಅಪ್ಪ ಚಕ್ರಕ್ಕೆ ಒರಗಿ ಕಾಲು ಒತ್ತಿಕೊಳ್ಳುತ್ತಿದ್ದ. ಮಂಡಿ ಊದಿಕೊಂಡಿತ್ತು.

"ನಿಲ್ಲೋಕಾಗ್ಲಿಲ್ಲ ಕಣಮ್ಮಾ. ಮಂಡಿ ವಿಷಯ ಹೇಳಿದ್ರೆ ಪಾಸ್ ಕಿತ್ಕೋತಾರೆ ಅಂತ ಜಾಕೆಟ್, ಹೆಲ್ಮೆಟ್ ಎರಡನ್ನೂ ಚೌಕದ ನಂಬರ್ ಬೋರ್ಡಿನ ಕಂಬಕ್ಕೆ ಹಾಕಿ ಒಳಗೆ ಹೋಗಿ ಕೂತೆ. ಮೂರು ಲಾಕ್ ಬಿಚ್ಚಿದ್ದೆ. ಆ ಕಡೇದಕ್ಕೆ ಸುತ್ತಿ ಹೋಗೋ ಹೊತ್ತಿಗೆ ನೋವು ತಡೀಲಾರ್ದೆ, ಒಂದು ಒದೆ ಕೊಟ್ಟು ಬಿಚ್ಕೊಳ್ತು ಅಂದ್ಕೊಂಡ್ಬಿಟ್ಟೆ."

"ಕೂಗೋದಲ್ವಾ ಅಪ್ಪಾ!"

"ಕೂಗಿದೆ. ಹಾರ್ನ್ ಒತ್ತಿದೆ. ಒತ್ತುತ್ತಲೇ ಇದ್ದೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆ ಹಾರ್ನಿಗೇ ತಾನು ಪ್ರಾಣ ತಿನ್ನಬೇಡಿ ಎಂದದ್ದು.

"ಅದು ನಾನಲ್ಲ ಅಂತ ಹೇಗೆ ಗೊತ್ತಾಯ್ತೇ ನಿಂಗೆ?"

"ನೀನಾಗಿದ್ರೆ ಅಷ್ಟೊತ್ತಿಗೆ ನನ್ನ ಬೈದು ಬೈದು ಗಂಟಲು ಕಟ್ಟಿರ್ತಿತ್ತು" ಎಂದವಳೇ ಗಳಗಳ ಅತ್ತಳು.

ಸೂಪರ್‌ವೈಸರ್ ಏದುಸಿರು ಬಿಡುತ್ತಾ ಬಂದ. ಕಂಬಕ್ಕೆ ತೊಡಿಸಿದ್ದ ಜಾಕೆಟ್ ನೋಡಿದ, ಅಪ್ಪನನ್ನು ನೋಡಿದ, ಕೈ ಚಾಚಿದ. "ಕೊಡ್ರೀ ಪಾಸು."

ಅಪ್ಪ ತಲೆತಗ್ಗಿಸಿ ಜೇಬಿಗೆ ಕೈಹಾಕಿದ.

"ಒಬ್ಬರದೇ ಯಾಕೆ ಸಾರ್?" ಅವಳು ಕಣ್ಣೊರೆಸಿಕೊಂಡು ಪಕ್ಕದ ಸಾಲುಗಳ ಕಡೆ ಬೆರಳು ತೋರಿಸಿದಳು. "ಅಲ್ಲಿ ನೋಡಿ."

ಅಲ್ಲಿ ಲಾರಿಗಳ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಡ್ರೈವರುಗಳು ಯಾರ ಮುಖವನ್ನೂ ನೋಡದೆ ಇಳಿದು, ತಮ್ಮ ತಮ್ಮ ಹಳದಿ ಚೌಕಕ್ಕೆ ನಡೆದು, ಬೆಳಗ್ಗಿನಿಂದ ಅಲ್ಲಿ ನಿಂತಿದ್ದ ತಮ್ಮನ್ನು ಕಂಬದಿಂದ ಕಳಚಿ ತೊಟ್ಟುಕೊಂಡರು.