ಒಂದು ಗೇಣು ನಾಲ್ಕು ಬೆರಳು

“ಆ ಪುಸ್ತಕ ಈ ಕಡೆ ಕೊಡಿ. ಬರೆದೋನು ನಾನು, ಹೊಡೆದು ಹಾಕೋನೂ ನಾನೇ,” ಎಂದು ಶೆಡ್ಡಿನ ಮೇಸ್ತ್ರಿ ಮೇಜಿನ ಮೇಲೆ ಕೈ ಚಾಚಿದ.

ಎಂಜಿನಿಯರ್ ಪುಸ್ತಕವನ್ನು ಮೊಣಕೈ ಕೆಳಗೆ ಒತ್ತಿಕೊಂಡ. “ಬರೆದು ಒರೆಸೋಕೆ ಇದೇನು ಸ್ಲೇಟಾ, ಮಾವ?”

“ಇಲ್ಲಿ ಮಾವ ಅನ್ನಬೇಡಿ. ಇಲ್ಲಿ ನೀವು ಸಾಹೇಬ್ರು, ನಾನು ಮೇಸ್ತ್ರಿ. ನಿಮಗೆ ಮಗಳನ್ನ ಕೊಟ್ಟಿದ್ದೀನಿ, ನನ್ನ ಬುದ್ಧಿ ಕೊಟ್ಟಿಲ್ಲ.”

ಜಗಳ ನಾಲ್ಕು ಬೋಗಿಗಳದ್ದು. ಹನ್ನೊಂದು ಕಿಲೋಮೀಟರಿನ ಆ ಬ್ರಾಂಚ್ ಲೈನಿನಲ್ಲಿ ಆರೇ ನಿಲ್ದಾಣ. ಅಲ್ಲಿ ಓಡುತ್ತಿದ್ದ ಗಿಡ್ಡ ಬೋಗಿಗಳ ನೆಲ ತುಕ್ಕು ತಿಂದು ಹೋಗಿತ್ತು. ಬದಲಿಗೆ ಅಳಿಯ ಆರಿಸಿದ್ದು ದೊಡ್ಡ ಲೈನಿನವರು ಕೈಬಿಟ್ಟ ನಾಲ್ಕು ಉದ್ದನೆ ಬೋಗಿಗಳನ್ನು. ಹೊಸ ಬೋಗಿ ಬಂದರೆ ಶೆಡ್ಡಿನ ನಲವತ್ತು ಆಳುಗಳು ಒಂದು ದಿನ ಅದರಲ್ಲಿ ಓಡಾಡಿ, ಪ್ರತಿ ನಿಲ್ದಾಣದಲ್ಲೂ ಹತ್ತಿ ಇಳಿಯಬೇಕು. ಯಾರೂ ಎಡವದಿದ್ದರೆ ಮೇಸ್ತ್ರಿ ಪುಸ್ತಕದಲ್ಲಿ ‘ಕಾಲಿಗೆ ಸರಿ’ ಎಂದು ಬರೆದು ಸಹಿ ಹಾಕುತ್ತಾನೆ. ಅವನ ಅಪ್ಪನ ಕಾಲದಿಂದ ನಡೆದು ಬಂದ ರೂಢಿ ಅದು. ಈ ಸಲವೂ ಯಾರೂ ಎಡವಲಿಲ್ಲ. ಮೇಸ್ತ್ರಿ ಬರೆದೂ ಬಿಟ್ಟಿದ್ದ.

ಆಮೇಲೆ ಬಾಗಿಲು ನಿಲ್ಲುವ ಕಡೆ ಸುಣ್ಣದ ಗೆರೆ ಎಳೆಯಲು ಮೂರನೇ ನಿಲ್ದಾಣದಲ್ಲಿ ಮಂಡಿಯೂರಿದಾಗ ತಪ್ಪು ಅವನ ಕಣ್ಣಿಗೆ ಬಿತ್ತು. ಆ ಪ್ಲಾಟ್‌ಫಾರಂ ಬಿಲ್ಲಿನ ಬೆನ್ನಿನಂತೆ ಬಾಗಿದೆ. ಬಿಲ್ಲಿನ ಬೆನ್ನಿಗೆ ನೆಟ್ಟಗಿನ ಕೋಲು ಒತ್ತಿದರೆ ತಾಗುವುದು ನಡುಭಾಗ ಮಾತ್ರ. ಎರಡೂ ತುದಿ ದೂರ ನಿಲ್ಲುತ್ತವೆ. ಕೋಲು ಉದ್ದವಾದಷ್ಟೂ ದೂರ. ಈ ಬೋಗಿಗಳ ಬಾಗಿಲಿದ್ದದ್ದೇ ತುದಿಗಳಲ್ಲಿ. ಬಾಗಿಲಿಗೂ ಕಲ್ಲಿಗೂ ನಡುವೆ ಒಂದು ಗೇಣು ನಾಲ್ಕು ಬೆರಳು ಸಂದಿ. ಇಣುಕಿದರೆ ಕೆಳಗೆ ಹಳಿ ಕಾಣುತ್ತಿತ್ತು. ನಲವತ್ತು ಜನ ಅದನ್ನು ದಾಟಿದ್ದರು, ಒಬ್ಬನಿಗೂ ಗೊತ್ತಾಗಿರಲಿಲ್ಲ. ಹೇಗೆ ಗೊತ್ತಾಗಬೇಕು? ಇಪ್ಪತ್ತರ ವಯಸ್ಸಿನಿಂದ ಓಡುವ ಬೋಗಿ ಹತ್ತಿ ಇಳಿದ ಕಾಲುಗಳು.

ಅಳಿಯ ಹೇಳಿದ್ದೂ ಸುಳ್ಳಲ್ಲ. ಇನ್ನೊಂದು ಶೆಡ್ಡಿನಲ್ಲಿ ಮಧ್ಯಮ ಉದ್ದದ ಬೋಗಿಗಳಿದ್ದವು, ಆದರೆ ಅವನ್ನು ರಿಪೇರಿ ಮಾಡಲು ಎರಡು ತಿಂಗಳು ಬೇಕು. ಎರಡು ತಿಂಗಳು ನಿಂತ ಲೈನು ಮತ್ತೆ ಓಡುವುದಿಲ್ಲ, ಹಳಿ ಕಿತ್ತು ಹಾಕಲು ಮೇಲಿನವರು ನೆಪ ಹುಡುಕುತ್ತಿದ್ದಾರೆ ಎಂದು ಅವನು ತಾಳ್ಮೆಯಿಂದಲೇ ವಿವರಿಸಿದ. ಮೇಸ್ತ್ರಿಗೂ ಅದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವನ ಸಿಟ್ಟು ನೆತ್ತಿಗೇರಿತು.

“ನಿಮ್ಮ ಅತ್ತೆ ದಿನಾ ರೈಲು ಹತ್ತೋದು ಆ ಮೂರನೇ ಸ್ಟೇಷನ್ನಲ್ಲೇ. ಅದಾದರೂ ನೆನಪಿದೆಯಾ?”

ನೆನಪಿಲ್ಲದೆ ಏನು. ಕೊನೇ ನಿಲ್ದಾಣದ ಹತ್ತಿರವೇ ಎಂಜಿನಿಯರನ ಮನೆ. ಹೆಂಡತಿ ಆರು ತಿಂಗಳ ಬಸುರಿ. ಹಾಸಿಗೆ ಬಿಟ್ಟು ಏಳಲೇಬಾರದು, ಪ್ರಯಾಣವಂತೂ ಕೂಡದು ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಒಂಬತ್ತೂ ಹತ್ತರ ಗಾಡಿಗೆ ಅವಳ ತಾಯಿ ಹೋಗಿ ಮೈ ಒರೆಸಿ, ಊಟ ಮಾಡಿಸಿ, ಸಂಜೆಯವರೆಗೆ ಜೊತೆಗಿದ್ದು ಬರುತ್ತಿದ್ದಳು. ಹಗಲು ಆ ಮನೆಯಲ್ಲಿ ಬೇರೆ ದಿಕ್ಕಿಲ್ಲ. ಎರಡೂ ಮನೆಗಳ ನಡುವೆ ಹೊಳೆ, ಸೇತುವೆಯಿದ್ದದ್ದು ರೈಲಿಗೆ ಮಾತ್ರ. ತಾಯಿಯ ಬಲ ಮಂಡಿ ಮಡಚುತ್ತಿರಲಿಲ್ಲ.

“ಅತ್ತೇನ ನಾನೇ ಕೈಹಿಡಿದು ಹತ್ತಿಸ್ತೀನಿ ಬಿಡಿ. ಒಬ್ಬರ ಮಂಡಿಗೋಸ್ಕರ ಒಂದು ಲೈನು ಮುಚ್ಚೋಕಾಗುತ್ತಾ?”

ಮೇಸ್ತ್ರಿ ಮತ್ತೆ ಕೈ ಚಾಚಿದ. ಪುಸ್ತಕ ಮೊಣಕೈ ಕೆಳಗೇ ಉಳಿಯಿತು.

ಮರುದಿನ ಹೊಸ ಬೋಗಿಗಳ ಮೊದಲ ಓಟ. ಎಂಜಿನಿಯರ್ ಬಾಗಿಲಲ್ಲೇ ನಿಂತು ಬಂದ. ಮೂರನೇ ನಿಲ್ದಾಣದಲ್ಲಿ ಜನ ಬಾಗಿಲಿಗೆ ನುಗ್ಗಿದವರು ಗಕ್ಕನೆ ನಿಂತು ಕೆಳಗೆ ನೋಡಿದರು. ಒಬ್ಬ ಗುಮಾಸ್ತ ಮೊದಲು ಚೀಲ ಎಸೆದು ಆಮೇಲೆ ತಾನು ಹಾರಿದ. ಒಬ್ಬಳು ಕೂಸನ್ನು ಒಳಗಿದ್ದವರ ಕೈಗೆ ದಾಟಿಸಿ, ಕಣ್ಣು ಮುಚ್ಚಿ ಕಾಲಿಟ್ಟಳು. ಅತ್ತೆ ಊಟದ ಡಬ್ಬಿ ಹಿಡಿದು ಸಂದಿಯ ಅಂಚಿಗೆ ಬಂದಳು. ಮೇಸ್ತ್ರಿ ದೂರದ ಬೆಂಚಿನ ಹತ್ತಿರ ನಿಂತಿದ್ದ. ಮನೆಯಲ್ಲಿ ಅವನು ಹೆಂಡತಿಗೆ ಏನನ್ನೂ ಹೇಳಿರಲಿಲ್ಲ. ತಾನು ಸಹಿ ಹಾಕಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು?

“ಬನ್ನಿ ಅತ್ತೆ, ನಾನಿದ್ದೀನಿ,” ಎಂದು ಅಳಿಯ ಕೈ ನೀಡಿದ.

ಅವಳು ಎಡಗಾಲು ಮುಂದಿಟ್ಟಳು, ಹಿಂದೆ ತೆಗೆದಳು. ಇನ್ನೊಮ್ಮೆ ಇಟ್ಟಳು, ತೆಗೆದಳು. ಗಾರ್ಡ್ ಸೀಟಿ ಊದಿದ. ಅವಳು ಒಮ್ಮೆ ಸಂದಿಯನ್ನೂ ಒಮ್ಮೆ ಚಾಚಿದ ಕೈಯನ್ನೂ ನೋಡಿದಳು.

“ನಾಳೆನೂ ಇರ್ತೀರಾ?”

ಅದರಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ಎಂಜಿನಿಯರ್ ಅವಳ ಹೆಗಲಾಚೆ ನೋಡಿದ. ಅವಳ ಹಿಂದೆ ಇನ್ನೂ ಮೂವರು ಮುದುಕರು ಕಾಯುತ್ತಿದ್ದರು. ಅವರಿಗೆ ಆ ಬಾಗಿಲಲ್ಲಿ ಅಳಿಯನೂ ಇರಲಿಲ್ಲ.

ಅತ್ತೆ ಡಬ್ಬಿಯನ್ನು ಆ ಚಾಚಿದ ಕೈಗೆ ಸಿಕ್ಕಿಸಿದಳು. “ಬಿಸಿ ಇರೋವಾಗಲೇ ತಿನ್ನಿಸಿ. ಬೆನ್ನಿಗೆ ಎರಡು ದಿಂಬು ಕೊಡಿ, ಒಂದು ಸಾಲೋದಿಲ್ಲ,” ಎಂದಳು.

ರೈಲು ಕದಲಿತು. ಅವಳು ಗಂಡನ ಮುಂದೆಯೇ, ಅವನತ್ತ ತಿರುಗದೆ, ಮಡಚದ ಕಾಲನ್ನು ಎಳೆದುಕೊಂಡು ಗೇಟು ದಾಟಿ ಹೋದಳು. ಆ ನಿಲ್ದಾಣಕ್ಕೆ ಮತ್ತೆ ಬರಲಿಲ್ಲ.