ಹನ್ನೆರಡು ಹಿಡಿ ಉಪ್ಪು

ಕದಿರಪ್ಪ ಕಲ್ಯಾಣದುರ್ಗದಿಂದ ಇದ್ದಿಲಿನಿಂದ ಓಡುವ ಬಸ್ಸಿನ ನೆತ್ತಿಯ ಮೇಲೆ ಹಾಕಿಸಿಕೊಂಡು ಬಂದ ಹಸಿ ಹುಣಸೆಕಾಯಿಯ ಮಂಕರಿಯನ್ನು ಹಿಂದೂಪುರದ ಅಕ್ಕನ ಮನೆಯಲ್ಲಿ ಇಳಿಸುವ ಹೊತ್ತಿಗೆ, ಅಕ್ಕ ಶಿವಲಕ್ಷ್ಮಮ್ಮ ಹಿತ್ತಿಲಲ್ಲಿ ಕೆಟ್ಟ ತೊಕ್ಕನ್ನು ತಿಪ್ಪೆಗೆ ಸುರಿಯುತ್ತಿದ್ದಳು. ತೊಕ್ಕಿನ ಮೇಲೆ ಬೆರಳು ದಪ್ಪ ಬಿಳಿ ಬೂಷ್ಟು. ಇದು ಎರಡನೆಯ ಜಾಡಿ.

ಹುಣಸೆಕಾಯನ್ನು ಉಪ್ಪು, ಅರಿಸಿನ ಹಾಕಿ ಕುಟ್ಟಿ ಜಾಡಿಗೆ ತುಂಬುವುದು ಆ ಕಡೆ ಯಾರ ಮನೆಯಲ್ಲಿಲ್ಲ? ಆದರೆ ಅವ್ವನ ತೊಕ್ಕಿಗೊಂದು ಪದ್ಧತಿಯಿತ್ತು. ಹೊಸದು ಹಾಕುವಾಗ ಹಳೆಯದರ ಒಂದು ಉಂಡೆ ಅದಕ್ಕೆ ಕಲಸಲೇಬೇಕು. ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು ಎರಡೇ, ಒಂದು ಹಸು, ಒಂದು ಉಂಡೆ ತೊಕ್ಕು. ಹಸು ಸತ್ತು ಯಾವ ಕಾಲವಾಯಿತೋ, ತೊಕ್ಕು ಮಾತ್ರ ವರ್ಷದಿಂದ ವರ್ಷಕ್ಕೆ ನಡೆದುಕೊಂಡು ಬಂದಿತ್ತು. ಅವ್ವ ಇದೇ ಮನೆಯಲ್ಲಿ ತೀರಿಹೋಗಿ ಈಗ ಹತ್ತು ತಿಂಗಳು. ಕೆಟ್ಟ ಎರಡು ಜಾಡಿಗಳ ಜೊತೆ ಎರಡು ಉಂಡೆ ಹೋದವು, ಉಳಿದದ್ದು ನಿಂಬೆಹಣ್ಣಿನಷ್ಟು. ಇದೂ ಕೆಟ್ಟರೆ ಅವ್ವ ಇನ್ನೊಂದು ಸಲ ಸತ್ತಂತೆಯೇ ಎಂದು ಶಿವಲಕ್ಷ್ಮಮ್ಮ ಒಳಗೊಳಗೇ ಬೇಯುತ್ತಿದ್ದಳು.

ಕಾಯಿ ತೊಳೆದು, ಒರೆಸಿ, ನೆರಳಲ್ಲಿ ಆರಿಸುವಷ್ಟರಲ್ಲಿ ಅದೇ ಬೀದಿಯಲ್ಲಿದ್ದ ಆದೆಮ್ಮ ಬಂದಳು. ಅವ್ವನ ಒಡಹುಟ್ಟಿದ ತಂಗಿ. ಕರೆಯದಿದ್ದರೂ ಬರುವವಳು, ಕೇಳದಿದ್ದರೂ ಹೇಳುವವಳು.

“ಯಾರಾನಾ ಮೈಲಿಗೇಲಿ ಮುಟ್ಟಿದ್ರೇನೇ?”

“ಯಾರೂ ಮುಟ್ಟಿಲ್ಲ ಚಿಕ್ಕಮ್ಮ. ತಲೆಗೆ ನೀರು ಹಾಕ್ಕೊಂಡು ನಾನೇ ಕುಟ್ಟಿದ್ದು.”

ಆದೆಮ್ಮ ಎಲೆಯಡಿಕೆ ಜಗಿಯುತ್ತ ಒರಳಿನ ಪಕ್ಕ ಕುಕ್ಕರಿಸಿದಳು. ಶಿವಲಕ್ಷ್ಮಮ್ಮ ದೇವರನ್ನು ನೆನೆದು ಒರಳಿನಲ್ಲಿದ್ದ ಕಾಯಿಯ ಮೇಲೆ ಕಲ್ಲುಪ್ಪು ಹಾಕತೊಡಗಿದಳು. ಒಂದು ಹಿಡಿ, ಎರಡು ಹಿಡಿ, ಮೂರು.

“ನಿಲ್ಲೇ! ಯಾರ ಹಿಡಿ ಇದು?”

“ಯಾರ್ದು ಅಂದ್ರೆ? ನಂದೇ. ಒಂದು ಮಂಕರಿ ಕಾಯಿಗೆ ಹನ್ನೆರಡು ಹಿಡಿ ಅಂತ ಅವ್ವನೇ ಹೇಳಿದ್ದು.”

“ಸರಿಪೋಯಿಂದಿ! ಅವಳು ಹೇಳಿದ್ದು ಅವಳ ಹಿಡಿ ಕಣೇ. ನಿಂದು ನೋಡು, ಕೋಳಿಮರಿ ಕಾಲು. ಅಕ್ಕನ ಕೈಗೆ ಬಳೆ ಏರ್ಸೋ ಅಷ್ಟ್ರಲ್ಲಿ ಬಳೆಗಾರ ಬೆವ್ತು ನೀರಾಗ್ತಿದ್ದ. ಮದುವೇಲಿ ಗಂಡಿನ ಕಡೆಯೋರು ಹೆಣ್ಣಿನ ಕೈಯೋ ಮೊರವೋ ಅಂತ ನಕ್ಕಿದ್ರು.”

ಶಿವಲಕ್ಷ್ಮಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಮರುಕ್ಷಣವೇ ಇನ್ನೊಂದು ಏರಿತು. “ಹಂಗಾದ್ರೆ ನಾನು ಎಷ್ಟು ಹಾಕ್ಲಿ ಚಿಕ್ಕಮ್ಮ? ಹದಿನೈದಾ? ಇಪ್ಪತ್ತಾ?”

“ಯಾರು ಕಂಡೋರು? ಕಡಿಮೆ ಆದ್ರೆ ಬೂಷ್ಟು, ಜಾಸ್ತಿ ಆದ್ರೆ ಬಾಯಿಗಿಡಕ್ಕಾಗಲ್ಲ. ಅಕ್ಕನ ಕೈಯೇ ಬೇಕು. ಎಲ್ಲಿಂದ ತರ್ತೀಯ?” ಎನ್ನುತ್ತಿದ್ದವಳ ಕಣ್ಣು ಬಾವಿಯ ಕಡೆ ಹೊರಳಿತು. ಬಾವಿಕಟ್ಟೆಯ ಮೇಲೆ ಕೂತು ಕದಿರಪ್ಪ ನೀರು ಕುಡಿಯುತ್ತಿದ್ದ. ಅವನ ಮೊರದಂಥ ಕೈಯಲ್ಲಿ ಚೊಂಬು ಕಾಣುತ್ತಲೇ ಇರಲಿಲ್ಲ.

“ಏ ಕದಿರ, ಇಲ್ಲಿ ಬಾರ್ಲಾ.”

ವಿಷಯ ತಿಳಿದು ಕದಿರಪ್ಪ ಹೌಹಾರಿದ. “ನಾನು ನೇಗಿಲು ಹಿಡಿಯೋನು ಕಣ್ ಚಿಕ್ಕಮ್ಮ. ತೊಕ್ಕು ಹಾಕ್ದ ಅಂತ ಊರಾಗೆ ಗೊತ್ತಾದ್ರೆ ತಲೆ ಎತ್ಕೊಂಡು ತಿರುಗಕ್ಕಾಗ್ತದಾ?”

“ಊರಿಗೆ ನಾನು ಡಂಗುರ ಹೊಡೆಸಲ್ಲ. ಕೈ ತೊಳ್ಕೊಂಡು, ತೇವ ಇಲ್ದಂಗೆ ಒರೆಸ್ಕೊಂಡು ಬಾ.”

ಅವನು ಹೋಗಿ ಮೊದಲು ಬೀದಿಬಾಗಿಲಿಗೆ ಅಗಣಿ ಹಾಕಿ ಬಂದ. ಶಿವಲಕ್ಷ್ಮಮ್ಮ ತಾನು ಹಾಕಿದ್ದ ಉಪ್ಪನ್ನು ಒಂದು ಹರಳೂ ಬಿಡದೆ ಆರಿಸಿ ತೆಗೆದಳು. ಕದಿರಪ್ಪನ ಮೊದಲ ಹಿಡಿ ಬಿತ್ತು. ಅವಳ ಹಿಡಿಯ ಒಂದೂವರೆಯಷ್ಟು. ಹೆಬ್ಬೆರಳನ್ನು ಒಳಗೆ ಮಡಚಿ, ಕಿರುಬೆರಳ ಸಂದಿಯಿಂದ ಸುತ್ತಲೂ ಸೋರಿಸುವ ರೀತಿಯೂ ಅವ್ವನದೇ. ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟದ ಈ ಒರಟನ ಹತ್ತಿರ ಅವ್ವ ತನ್ನ ಕೈಯನ್ನೇ ಬಿಟ್ಟು ಹೋಗಿದ್ದಳಲ್ಲ ಎಂದು ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಕಣ್ಣೀರು ಕಾಯಿಗೆ ಬೀಳದಂತೆ ಸೆರಗಿನಿಂದ ಒರೆಸಿಕೊಂಡಳು.

ಹನ್ನೊಂದು ಹಿಡಿ ಸರಾಗವಾಗಿ ಬಿದ್ದವು. ಹನ್ನೆರಡನೆಯದನ್ನು ತುಂಬಿಕೊಂಡ ಕದಿರಪ್ಪ ಕೈಯನ್ನು ಒರಳಿನ ಮೇಲೆ ಹಿಡಿದವನು ಬಿಚ್ಚಲೇ ಇಲ್ಲ.

“ಹಾಕೋ, ಅದೊಂದೇ ಬಾಕಿ” ಎಂದಳು ಅಕ್ಕ.

ಅವನು ಮುಷ್ಟಿಯನ್ನೇ ನೋಡುತ್ತಿದ್ದ. “ಅವತ್ತು ಪೆನುಕೊಂಡೆ ಏರಿನಾಗೆ ಬಸ್ಸು ನಿಂತ್ಬುಡ್ತು ಕಣಕ್ಕ. ಇಳಿದು ಓಡಿದೆ. ನಾನು ಬರೋ ಹೊತ್ಗೆ ನೀವೆಲ್ಲ ಗುಂಡಿ ಮುಚ್ಬುಟ್ಟಿದ್ರಿ. ಹೆತ್ತ ಅವ್ವಂಗೆ ಈ ಕೈ ಒಂದು ಹಿಡಿ ಮಣ್ಣು ಹಾಕ್ಲಿಲ್ಲ.”

ಹತ್ತು ತಿಂಗಳಲ್ಲಿ ಅವನು ಆ ಮಾತೆತ್ತಿದ್ದು ಇದೇ ಮೊದಲು. ಶಿವಲಕ್ಷ್ಮಮ್ಮ ತಲೆ ತಗ್ಗಿಸಿದಳು. ತಮ್ಮ ಬರಲಿ, ಕಾಯೋಣ ಎಂದು ಅವತ್ತು ಅವಳೂ ಬಾಯಿಬಿಟ್ಟು ಹೇಳಿರಲಿಲ್ಲ.

ಆದೆಮ್ಮ ಎಲೆಯಡಿಕೆ ಉಗಿದು ಬಂದು, ಅವನ ಮುಷ್ಟಿಯ ಕೆಳಗೆ ತನ್ನ ಅಂಗೈ ಒಡ್ಡಿ ಮೆಲ್ಲಗೆ ಒರಳಿನ ನಡುವಿಗೆ ಸರಿಸಿದಳು.

“ಮಣ್ಣಿಗೆ ಊರೆಲ್ಲ ಬತ್ತದೆ ಕಣಪ್ಪ” ಎಂದಳು. “ಅವಳ ಉಪ್ಪಿಗೆ ನೀನೊಬ್ನೇ ಬಂದಿರೋದು. ಹಾಕು.”