ತೊಂಬತ್ತೆರಡು ಡಿಗ್ರಿ

ಗಿಡ್ಡ ಮೇಜಿನ ಮೇಲೆ ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು, ಕುನಿಹಿರೊ ಅದರ ಮುಂದೆ ಮಂಡಿಯೂರಿದ. ಉಸಿರು ಬಿಗಿಹಿಡಿದು ಡಿಜಿಟಲ್ ಮೈಕ್ರೋಸ್ಕೋಪನ್ನು ಸೂಜಿಯ ಪಕ್ಕಕ್ಕೆ ಸರಿಸಿದ. ಸಾಸಿವೆಗಿಂತ ಸಣ್ಣ ವಜ್ರದ ಮೊನೆ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಲಂಗಿಯಷ್ಟು ದಪ್ಪವಾಗಿ ನಿಂತಿತು. ಅದರ ಮೇಲೆ ಗೆರೆ ಎಳೆದು, ಸೂಜಿ ಎಷ್ಟು ವಾಲಿದೆ ಎಂದು ಅಳೆದ. ತೊಂಬತ್ತೊಂದೂವರೆ ಡಿಗ್ರಿ. ತೊಂಬತ್ತೆರಡಾಗಬೇಕು.

“ಸೂಜಿಗೆ ಜ್ವರ ಬಂದಿದೆಯೇನು, ಅಳಿಯಂದ್ರೇ?” ಮೇಜಿನ ಆಚೆ ಕಿತ್ತಳೆ ಸುಲಿಯುತ್ತ ಕುಳಿತಿದ್ದ ಅತ್ತೆ ಮಿಸಾವೊ ಕೇಳಿದಳು. “ಇಷ್ಟು ಬಗ್ಗಿ ರೋಗಿಗಳ ಬಾಯಿ ನೋಡಿದ್ದಿದ್ರೆ ಈ ಸಕಾಯ್ ಊರಲ್ಲಿ ಒಂದು ಹುಳುಕು ಹಲ್ಲೂ ಉಳೀತಿರ್ಲಿಲ್ಲ.”

ಹಲ್ಲಿನ ಡಾಕ್ಟರಾದ ಅಳಿಯ ನಗಲಿಲ್ಲ. “ನಿಮಗೋಸ್ಕರಾನೇ ಅತ್ತೆ ಇದೆಲ್ಲಾ. ನಾಳೆ ನಮ್ಮ ಹಳೇ ರೆಕಾರ್ಡ್ ಸಂಘದವರು ಬರ್ತಾರೆ. ಅವತ್ತು ಸ್ಟುಡಿಯೋದಲ್ಲಿ ನಿಮ್ಮ ದನಿ ಹೇಗಿತ್ತೋ ಹಾಗೇ ಕೇಳಿಸ್ತೀನಿ.”

ಮಿಸಾವೊ ಹರೆಯದಲ್ಲಿ ಹಾಡಿದ್ದ ಒಂದೇ ಒಂದು ರೆಕಾರ್ಡು ಅದು. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದನ್ನು ಅಳಿಯ ತಂದು ಊರಿಗೆಲ್ಲ ತೋರಿಸಿದ್ದ. ಅದನ್ನು ಹಾಡಿದ ದಿನ ಏನಾಯಿತು ಎಂದು ಅತ್ತೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಸೂಜಿಯ ತೋಳನ್ನು ಚೂರೇ ಚೂರು ಎತ್ತರಿಸಿ ಅವನು ರೆಕಾರ್ಡು ಹಾಕಿದ. ಬಂದರಿನಲ್ಲಿ ಗಂಡನ ಹಡಗಿಗೆ ಕಾಯುವ ಹೆಂಡತಿಯ ಹಾಡು ತುಂಬುದನಿಯಲ್ಲಿ ಬಂತು. ಕೊನೆಯ ಎರಡು ಸಾಲು ಮೇಲಕ್ಕೇರಿದಾಗ ಮಾತ್ರ ದನಿ ಗಾಜಿನಂತೆ ತೆಳ್ಳಗಾಯಿತು. ಕುನಿಹಿರೊ ಮುಖ ಸಿಂಡರಿಸಿದ.

“ಮತ್ತೆ ಅದೇ! ಕೊನೆಗೆ ಬಂದು ಕೆಡುತ್ತೆ. ಕೋನ ಇನ್ನೂ ಸರಿಹೋಗಿಲ್ಲ.”

“ಕೋನಕ್ಕೇನೂ ಆಗಿಲ್ಲ. ಅದು ನಾನಲ್ಲ,” ಎಂದಳು ಮಿಸಾವೊ. “ನನಗವತ್ತು ಗಂಟಲು ಕಟ್ಟಿತ್ತು. ನಾಳೆ ಹಾಡ್ತೀನಿ ಅಂತ ಗೋಗರೆದೆ. ಕಾಯಲಿಲ್ಲ ಆ ಸ್ಟುಡಿಯೋ ಪಾಪಿಗಳು. ಕೊನೇ ಎರಡು ಸಾಲನ್ನ ಹಾರುಯೊ ಅನ್ನೋಳ ಕೈಲಿ ಹಾಡಿಸಿ ಅಂಟಿಸಿಬಿಟ್ರು.”

ಹಲ್ಲು ಕೀಳುವ ಮುಂಚೆ ರೋಗಿಗಳನ್ನು ನೋಡಿ ನಗುವ ನಗೆಯನ್ನೇ ಅಳಿಯ ನಕ್ಕ. “ವಯಸ್ಸಾಯ್ತಲ್ಲ ಅತ್ತೆ, ನಿಮಗೆ ಸರಿಯಾಗಿ ನೆನಪಿಲ್ಲ. ಸೂಜಿ ರೆಕಾರ್ಡಿನ ಒಳಸುತ್ತಿಗೆ ಬಂದಾಗ ದನಿ ಹೀಗಾಗುತ್ತೆ. ಪುಸ್ತಕದಲ್ಲೇ ಇದೆ.”

“ಹಾಡಿದೋಳಿಗೆ ಮರೆತುಹೋಯ್ತು, ಸೂಜಿಗೆ ನೆನಪಿದೆ! ಭೇಷ್!”

“ಮೆಷಿನ್ನಿಗೆ ಸುಳ್ಳು ಹೇಳೋಕೆ ಬರಲ್ಲ ಅತ್ತೆ.” ಅವನು ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗಿದ.

ಮಿಸಾವೊ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಅಂಗೈಯಿಂದ ಮೇಜಿನ ಮೇಲೆ ತಾಳ ಹಾಕುತ್ತ, ತನ್ನ ಬಾಯಲ್ಲಿ ಯಾರೂ ಕೇಳಿರದ ಆ ಎರಡು ಸಾಲನ್ನು ಎತ್ತಿಕೊಂಡಳು. ಎಪ್ಪತ್ತೆಂಟು ವಯಸ್ಸಿನ ದನಿ ಒಡೆದಿತ್ತು; ಸ್ವರ ಮಾತ್ರ ಜಾರಲಿಲ್ಲ. ಏರಿ ಏರಿ ತುತ್ತತುದಿ ಮುಟ್ಟಿ ಅಲ್ಲೇ ನಿಂತಿತು.

ಪರದೆಯ ಮೇಲೆ ಸೂಜಿ ಗಡಗಡ ನಡುಗಿತು.

ಕುನಿಹಿರೊ ತಿರುಗಿಯೂ ನೋಡದೆ ಕೈಯೆತ್ತಿದ. “ಶ್! ನಿಮ್ಮ ಹಾಡು ಕೇಳ್ಬೇಕಲ್ವಾ ಅತ್ತೆ? ನೀವು ಸ್ವಲ್ಪ ಸುಮ್ಮನಿರಿ.”